ಉಪ್ಪು ತಿಂದ ಮೇಲೆ

ಕಲಾಮಾದಿಂದ ಬೆಳಗಿನ ಐದಕ್ಕೆ ಬಸ್ಸು.
ಸ್ಟೀರಿಂಗ್ ಹಿಡಿದವನು ನನ್ನ ತಮ್ಮ ಬಾಲ್ದೊಮೆರೊ.
ಅಟಕಾಮಾದ ಉಪ್ಪುಬಯಲಿಗೆ ಕೆಲಸದವರನ್ನು ಇಳಿಸಿ
ಸಂಜೆ ಬಿಳಿ ಹುಬ್ಬು ಹೊತ್ತು ಮರಳುತ್ತಿದ್ದ.
ಅಲ್ಲಿ ಕೆರೆಯಗಲದ ತೊಟ್ಟಿಗಳಲ್ಲಿ
ನೀರು ವರ್ಷಗಟ್ಟಲೆ ಬಿಸಿಲಿಗೆ ಕೂತು
ನೀಲಿ ಹಸಿರಾಗಿ, ಹಸಿರು ಹಳದಿಯಾಗಿ
ಕೊನೆಗೆ ಲಿಥಿಯಂ ಆಗಿ ಹಡಗು ಹತ್ತುತ್ತದೆ.
ಅದರದೇ ಒಂದು ಚಿಟಿಕೆ, ಎಲ್ಲೆಲ್ಲೋ ಸುತ್ತಿ,
ನಮ್ಮ ಅಡುಗೆಮನೆ ಕಿಟಕಿಗೂ ಬಂದಿತ್ತೇನೋ:
ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎರಡು.

ಅದಕ್ಕೂ ಮೊದಲಿನ ನವೆಂಬರಿನಲ್ಲಿ
ಒಂಬತ್ತು ರಾತ್ರಿ ಅವನು ಮಲಗಿರಲಿಲ್ಲ.
ಸಾಲ ತಂದು ಹದಿನಾಲ್ಕು ಹಾಸಿಗೆ ಕೊಂಡ.
"ಊರಿಗೆಲ್ಲ ನಿದ್ದೆ ಹಂಚುತ್ತೇನೆ ಎರ್ಮಿನಿಯಾ,
ನನಗಂತೂ ಅದು ಬೇಡವಾಗಿದೆ!"
ಸುಳ್ಳೇಕೆ ಹೇಳಲಿ, ನಾನೂ ನಕ್ಕೆ.
ಅಷ್ಟು ಚಂದ ಮಾತಾಡುವವರು ನಮ್ಮಲ್ಲಿ ಇನ್ಯಾರಿದ್ದರು?

ಮಾರ್ಚಿಗೆ ಅದೇ ಹಾಸಿಗೆ ರಾಶಿಯ ಹಿಂದೆ
ಗೋಡೆಗೆ ಮುಖ ಮಾಡಿ ಇಪ್ಪತ್ತು ದಿನ.
ಮನೆಯ ಹಗ್ಗಗಳನ್ನೆಲ್ಲ ಪಕ್ಕದವರಿಗೆ ಕೊಟ್ಟು ಬಂದೆ,
ಬಟ್ಟೆ ಒಣಹಾಕುವುದನ್ನೂ.

ಲಿಥಿಯಂ ಅವನನ್ನು ಕರೆತಂದು ನಡುಮನೆಯಲ್ಲಿ ಕೂರಿಸಿತು.
ಕೈ ಸಣ್ಣಗೆ ನಡುಗುತ್ತಿತ್ತು, ಚಹಾ ತಟ್ಟೆಗೆ ತುಳುಕುತ್ತಿತ್ತು.
ಇರಲಿ, ಒರೆಸಿದರಾಯಿತು.
ರಕ್ತ ತೆಗೆಯುವಾಗೆಲ್ಲ ನರ್ಸಿನದು ಒಂದೇ ಮಾತು:
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಅವಳು ಪಾಪದ ಲೆಕ್ಕ ಹೇಳುತ್ತಿರಲಿಲ್ಲ,
ಲೋಟದ ಲೆಕ್ಕ.

ಜನವರಿಯಲ್ಲಿ ಬಸ್ಸು ನಡುಮರುಭೂಮಿಯಲ್ಲಿ ಕೆಟ್ಟು ನಿಂತಿತು.
ತನ್ನ ಬಾಟಲಿಯನ್ನು ಯಾರೋ ಮುದುಕನಿಗೆ ಕೊಟ್ಟನಂತೆ.
ಮನೆಯಲ್ಲಿ ಅಮ್ಮ ತನ್ನ ಬಿ.ಪಿ.ಗೆಂದು
ಕಸುವೆಲಾ ಸಾರಿಗೆ ಉಪ್ಪು ಬಿಟ್ಟು ವಾರವಾಗಿತ್ತು.
ತೊದಲುತ್ತ, ಗೋಡೆ ಹಿಡಿದು ಬಂದ.
ಕುಡಿದಿದ್ದಾನೆ ಅಂದರು ಎದುರುಮನೆಯವರು.
ಕುಡಿಯದೆ ಆದದ್ದು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಡಾಕ್ಟರ್ ಓಯಾರ್ಸುನ್
ಹಳೆಯ ಚೀಟಿಯ ಬೆನ್ನಿಗೆ ಬರೆಯುತ್ತ ಹೋದರು.
ವಾಲ್ಪ್ರೋಯೇಟ್, ಹಿಡಿತ ಗಟ್ಟಿ, ಹೊಟ್ಟೆ ಬರಬಹುದು, ಕೂದಲು ಉದುರಬಹುದು.
"ಅದು ಎಂದೋ ಹೋಯಿತಲ್ಲ," ಅಂದ ನನ್ನ ತಮ್ಮ.
ಲ್ಯಾಮೋಟ್ರಿಜಿನ್ ಬಾವಿಯಿಂದ ಎತ್ತುತ್ತದೆ,
ಹಾರಿದ ಗಾಳಿಪಟ ಇಳಿಸಲು ಅದಕ್ಕೆ ಅಷ್ಟು ಬಾರದು.
ಬಸವನಹುಳುವಿನ ಹಾಗೆ ಏರಿಸಬೇಕು, ವಾರ ವಾರ;
ಮೈಮೇಲೆ ಗಂಧೆ ಎದ್ದರೆ ನಿಲ್ಲಿಸಿ ಓಡಿ ಬರಬೇಕು.
ಕ್ವೆಟಿಯಾಪಿನ್ ಎರಡಕ್ಕೂ ಒದಗುತ್ತದೆ,
ಆದರೆ ಬೆಳಗಿನ ಐದರ ರೆಪ್ಪೆಗೆ
ಜೇಡಿಮಣ್ಣಿನ ಹಾಗೆ ಮೆತ್ತುತ್ತದೆ.
ಯಾವುದು ಒಳ್ಳೆಯದು ಎಂದು ಕೇಳಿದೆ.
ಪೆನ್ನಿನ ಮುಚ್ಚಳ ಹಾಕಿದರು. "ಅವರ ಮೈ ಹೇಳಬೇಕು.
ಸ್ವಲ್ಪ ನೀವೂ."

ಬಾಲ್ದೊಮೆರೊ ತನ್ನ ಕೈ ನೋಡಿಕೊಂಡ.
"ನಾನು ಬಸ್ಸು ಬಿಡುತ್ತೇನೆ ಡಾಕ್ಟರೇ.
ಉಪ್ಪು ಇರಲಿ, ಅದಕ್ಕೆ ನನ್ನ ಗುರುತಿದೆ."

ಈಗ ನಿಲ್ದಾಣದ ನೆರಳಲ್ಲಿ ಟಿಕೆಟ್ ಹರಿಯುತ್ತಾನೆ,
ಮಾತ್ರೆ ಒಂದು ಕಡಿಮೆ, ಪಕ್ಕದಲ್ಲಿ ದೊಡ್ಡ ಬಾಟಲಿ.
ಸಾರಿಗೆ ಎಂದಿನಷ್ಟೇ ಉಪ್ಪು; ಅಮ್ಮನಿಗೆ ಬೇರೆ ಪಾತ್ರೆ.
ಚಂದದ ಮಾತು ಕಡಿಮೆಯಾಗಿದೆ,
ಅದಕ್ಕೆ ಚೀಟಿಯಲ್ಲಿ ಏನೂ ಬರೆದಿರಲಿಲ್ಲ.

ಹಾಸಿಗೆ ಹದಿಮೂರು ಮರಳಿಸಿದೆವು. ಒಂದು ನನ್ನಲ್ಲಿದೆ.
ಅದರ ಮೇಲೆ ಮಲಗಿ ಗೋಡೆಗೆ ಕಿವಿ ಇಡುತ್ತೇನೆ.
ಗೊರಕೆ ಕೇಳಿದರೆ ಸರಿ.
ಕೇಳದ ರಾತ್ರಿ ಎದ್ದು
ಎರಡು ಲೋಟಕ್ಕೆ ನೀರು ತುಂಬುತ್ತೇನೆ.