ಹತ್ತರ ಸ್ಪ್ಯಾನರು

ಗೋಡೆಯ ಹಲಗೆಯಲ್ಲಿ ಒಂದು ಆಕಾರ ಖಾಲಿ.
ಐದೂವರೆ. ಗುಬ್ಬಿ ಕಡೆಯ ಬಸ್ಸು ಹಾರನ್ ಹೊಡೀತಿದೆ.
"ಸಿಗೋವರೆಗೆ ಯಾರೂ ಹೊರಡಂಗಿಲ್ಲ, ಇದೂ ಹಾರಂಗಿಲ್ಲ"
ಅಂದರು ಮೂಡಲಗಿರಿಯಪ್ಪ,
ಹೆಲಿಕಾಪ್ಟರಿನ ಬಾಗಿಲಿಗೆ ಕೆಂಪು ಚೀಟಿ ಕಟ್ಟಿ.

ಬೆಳಿಗ್ಗೆಯಿಂದ ನಾನು ತಂತಿ ಹೊಸೆದಿದ್ದೆ:
ಎರಡು ಬೋಲ್ಟಿನ ತಲೆಗೆ ಒಂದೇ ತಂತಿ,
ಒಂದು ಸಡಿಲಾಗಲು ಹೊರಟರೆ
ಇನ್ನೊಂದನ್ನು ಬಿಗಿದೇ ಹೊರಡಬೇಕು,
ನಾನೂ ನನ್ನ ವಾರಗಿತ್ತಿಯೂ ಇದ್ದ ಹಾಗೆ.

ಟಾರ್ಚು ಕಚ್ಚಿಕೊಂಡು ಅದರ ಹೊಟ್ಟೆಗೆ ತೂರಿದೆ.
ಪೆಡಲಿನಿಂದ ಬಾಲದ ರೋಟರಿಗೆ ಹೋಗುವ ಸರಳು
ಬೆರಳು ಸೋಕಿದರೂ ಜಾರುವಷ್ಟು ಹಗುರ.
ಆ ಸಂದಿಯಲ್ಲಿ ಗೇಣುದ್ದ ಕಬ್ಬಿಣ ಕೂತರೆ ಸಾಕು,
ಎಲ್ಲೋ ಹಿಮದ ಮೇಲೆ
ಯಾರದೋ ಕಾಲು ಒತ್ತುತ್ತದೆ, ಒತ್ತುತ್ತದೆ,
ಮೂತಿ ತಿರುಗುವುದಿಲ್ಲ.

ಒಂಬತ್ತು ದಾಟಿತು. ಗೇಟಿನಲ್ಲಿ ಬೈಕು.
ನಿಟ್ಟೂರಿನಿಂದ ವಾಪಸು ಬಂದ ಓಬಳೇಶ
ಎದೆಯ ಜೇಬಿನಿಂದ ತೆಗೆದ
ಸ್ಪ್ಯಾನರು ಮೈಬಿಸಿಯಾಗಿತ್ತು.
ಯಾರೂ ಬೈಯಲಿಲ್ಲ.
ಮೂಡಲಗಿರಿಯಪ್ಪ ಅವನ ಹೆಸರು ಬರೆದರು, ಹೊತ್ತು ಬರೆದರು,
ಆಮೇಲೆ "ಊಟ ಆಯ್ತೇನಯ್ಯ?" ಅಂದರು.

ನಾಳೆ ಇದು ಕಾವಲಿನ ಮೇಲೆ ಏಳುವಾಗ
ದೂಳಿಗೆ ಸೆರಗು ಅಡ್ಡ ಹಿಡಿದು ನಿಲ್ಲುತ್ತೇನೆ.
ಮೂರೂವರೆ ಗಂಟೆಯ ಹುಡುಕಾಟ
ಅದರ ತೂಕದ ಪಟ್ಟಿಯಲ್ಲಿ ಬರುವುದಿಲ್ಲ.
ಒಳಗೆ ನಾವು ಬಿಟ್ಟದ್ದು ಏನೂ ಇಲ್ಲ.