ಕಣ್ಣು ಬಿಟ್ಟು

ಸಾಗರದ ಜೋಗ ರಸ್ತೆಯಲ್ಲಿ, ಬ್ಯಾಟರಿ ಅಂಗಡಿಯ ಮೇಲೆ
ನಮ್ಮದು ಎರಡು ಕೋಣೆ, ಮೂರು ಕಂಪ್ಯೂಟರು,
ಅರ್ಧ ಮುಗಿದ ಒಂದು ಆಟ:
ರೈಲುಗೇಟು ಕಾಯುವ ಮುದುಕಿ, ಅವಳ ಹಿಂದೊಂದು ಕುಂಟುನಾಯಿ.

ಮೊನ್ನೆ ರಾತ್ರಿ ಏಜೆಂಟಿಗೆ ಒಂದೇ ಸಾಲು ಬರೆದು ಹೋಗಿದ್ದೆ:
'ನಡಿಗೆಯಲ್ಲಿನ ದೋಷ ಸರಿಪಡಿಸು.'
ನಾನು ಹೇಳಿದ್ದು ಮುದುಕಿಯ ಚಪ್ಪಲಿ
ನೆಲದೊಳಗೆ ಹೂತುಹೋಗುವ ವಿಷಯ.
ಬೆಳಿಗ್ಗೆ ಬಂದರೆ ಇನ್ನೂರ ಹದಿನಾಲ್ಕು ಕಡತ ಬದಲು,
ನಾಯಿಗೆ ನಾಲ್ಕೂ ಕಾಲು ನೆಟ್ಟಗಾಗಿವೆ.

ಹಾರುತ್ತಿತ್ತು ಅದು, ಪಾಪ, ಖುಷಿಯಾಗಿ.
ಮುದುಕಿಗಿಂತ ಮೊದಲೇ ಗೇಟು ಮುಟ್ಟಿ
ಬಾಲ ಅಲ್ಲಾಡಿಸುತ್ತ ನಿಂತಿತ್ತು.
ಅದಕ್ಕಾಗಿ ಕಾಯುವುದೇ ಆಟವಾಗಿತ್ತು ನಮ್ಮದು.
ಈಗ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ.

ಮುಬೀನ್ ನಕ್ಕ: 'ಗಣಪತಿ ಮಾಡು ಅಂದ್ರೆ
ಅವರಪ್ಪನ್ನ ಮಾಡಿಟ್ಟಿದೆ ನೋಡು.'
ಹಿಂದಿನ ಆವೃತ್ತಿಗೆ ಮರಳಿದೆವು. ಕ್ಷಣ ಸಾಕಾಯಿತು.
ನಾಯಿ ಮತ್ತೆ ಕುಂಟಿತು.
ನನಗೇನೋ ಪಾಪ ತಟ್ಟಿದ ಹಾಗಾಯಿತು.

ಆಮೇಲೆ ಕೂತು ಅನುಮತಿಗಳ ಪುಟ ತೆರೆದೆ.
ಓದುವುದಾದರೆ ಎಲ್ಲವನ್ನೂ ಓದಲಿ.
ಹುಲ್ಲು, ಕಲ್ಲು, ಗೋಡೆಯ ಪಾಚಿ: ಮಾಡು.
ದೀಪಗಳು: ಕೇಳಿ ಮಾಡು.
ಅಳಿಸುವುದು ಬೇಡ. ಮುದುಕಿಯ ಮಾತು ಬೇಡವೇ ಬೇಡ.
ನಾಯಿ...
ಅಲ್ಲಿ ಕೈ ನಿಂತಿತು.

ಅಪ್ಪನ ಪಟ್ಟಿಯೂ ಹೀಗೇ ಇತ್ತು, ಬರೆದಿಟ್ಟಿರಲಿಲ್ಲ ಅಷ್ಟೇ.
ಗಂಧದ ಚಕ್ಕೆಗಳ ನಡುವೆ ಮಣೆ ಹಾಕಿ ಕೂತು
'ಬಳ್ಳಿ ಕೆತ್ತು, ಎಲೆ ಕೆತ್ತು, ಸೆರಗಿನ ಅಂಚು ಕೆತ್ತು,
ಕಣ್ಣು ಬಿಟ್ಟು ಉಳಿದದ್ದು ನಿನ್ನದು.'
ಅಣ್ಣನಿಗೆ ಮೂರನೇ ವರ್ಷಕ್ಕೇ ಕಣ್ಣು ಸಿಕ್ಕಿತು.
ನನಗೆ ಒಂಬತ್ತು ವರ್ಷ ಬರೀ ಬಳ್ಳಿ.

ಒಂದು ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ
ಗೇಣುದ್ದದ ಸರಸ್ವತಿಗೆ ನಾನೇ ಕಣ್ಣು ತೆರೆದೆ.
ಎಡಗಣ್ಣು ಕೂದಲೆಳೆಯಷ್ಟು ಕೆಳಗೆ ಬಂತು,
ಏನನ್ನೋ ಕೇಳಿಸಿಕೊಳ್ಳುತ್ತಿರುವವಳ ಹಾಗೆ.
ಕೈ ಒರೆಸುತ್ತ ಬಂದ ಅಪ್ಪ ನೋಡಿದರು. ಬೈಯಲಿಲ್ಲ.
ಬಟ್ಟೆಯಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು.
ಮಾರಾಟವಾಯಿತೋ, ಯಾರ ಚಿತೆಗೆ ಚಕ್ಕೆಯಾಯಿತೋ
ಇವತ್ತಿಗೂ ಗೊತ್ತಿಲ್ಲ.
ಗಂಧಕ್ಕೆ ಹಿಂದಿನ ಆವೃತ್ತಿ ಇರುವುದಿಲ್ಲ.

ಇದಕ್ಕೆ ಇದೆ. ಯಾವ ಗಳಿಗೆ, ಯಾವ ಸಾಲು, ಯಾರ ಕೈ,
ಎಲ್ಲದಕ್ಕೂ ದಾಖಲೆ. ಮುನಿಸಿಲ್ಲ ಇದಕ್ಕೆ,
ಯಾರೋ ಊಟಕ್ಕೆ ಎದ್ದಾಗ
ಕದ್ದು ಉಳಿ ಎತ್ತುವ ಆಸೆಯಿಲ್ಲ
ಅನ್ನುತ್ತಾನೆ ಮುಬೀನ್. ಇರಬಹುದು.
ನನಗೆ ಹೆದರಿಕೆ ಇದರ ಒಳ್ಳೆಯತನದ್ದೇ:
ಕುಂಟು ಕಂಡಲ್ಲೆಲ್ಲ ತಪ್ಪು ಎಂದುಕೊಂಡು
ರಾತ್ರಿಯೆಲ್ಲ ಕೂತು ನೆಟ್ಟಗೆ ಮಾಡುವುದು.

ಮಧ್ಯಾಹ್ನ ಪರದೆಯ ಮೂಲೆಯಲ್ಲಿ ಮೊದಲ ಕೋರಿಕೆ ಬಂತು:
'ಗೇಟಿನ ಕೆಂಪು ದೀಪ ಎರಡನೇ ರಾತ್ರಿಯಿಂದ ಉರಿಯುತ್ತಿಲ್ಲ.
ಹಚ್ಚಲೇ?'
ಹೋಗಿ ನೋಡಿದೆ. ನಿಜ. ಎಂಟು ತಿಂಗಳಿಂದ
ಮೂವರೂ ಆ ಕತ್ತಲಲ್ಲೇ ಆಡಿದ್ದೆವು,
ಕತ್ತಲೆಯೆಂದು ತಿಳಿಯದೆ.
ಹಚ್ಚು, ಅಂದೆ.

ನಾಯಿಯ ಮುಂದಿನ ಚೌಕ ಇನ್ನೂ ಖಾಲಿ.
'ಬೇಡ' ಒತ್ತಹೋದರೆ ಅಪ್ಪನ ದನಿ,
'ಮಾಡು' ಅಂದರೆ ನಾಯಿ ಓಡಿಹೋಗುತ್ತದೆ.
ಕೆಳಗೆ ಅಂಗಡಿಯವರು ಶಟರ್ ಎಳೆಯುವವರೆಗೂ ಕೂತಿದ್ದೆ.
ಕೊನೆಗೆ 'ಕೇಳಿ ಮಾಡು' ಎಂದು ಒತ್ತಿ
ಪಕ್ಕದ ಟಿಪ್ಪಣಿಯಲ್ಲಿ ಬರೆದೆ:
'ಈ ಕಾಲು ಹೀಗೇ ಇರಬೇಕು.
ಯಾಕೆ ಅಂತ ಕೇಳು, ಹೇಳುತ್ತೇನೆ.'