ಹಿಂದಿನ ಬೆಂಚಿಗೆ ಕೇಳು

ಟಮಾಲೆಯಲ್ಲಿ ಡಿಸೆಂಬರ್ ಅಂದರೆ
ಸಹಾರಾ ಜರಡಿ ಹಿಡಿದುಕೊಂಡು ಊರಿಗೆ ಬರುವ ತಿಂಗಳು.
ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ,
ಕೀಬೋರ್ಡಿನ ಸಂದಿಸಂದಿಯಲ್ಲಿ ಬೂದು ಹಿಟ್ಟು.
ಸ್ಪೇಸ್‌ಬಾರ್ ಒತ್ತಿದರೆ ನಿದ್ದೆಯಲ್ಲಿ ಹಲ್ಲು ಕಡಿದ ಸದ್ದು.

ಇಪ್ಪತ್ತಾರು ಯಂತ್ರ. ಹದಿನೇಳನೆಯದು
ನಾನು ಕೆಲಸಕ್ಕೆ ಸೇರಿದಾಗಿನಿಂದ ಎದ್ದಿಲ್ಲ.
ದಾಸ್ತಾನು ಪುಸ್ತಕದಲ್ಲಿ ಇಪ್ಪತ್ತಾರೇ ಬರೆಯುತ್ತೇನೆ.
ಮನೆಯ ತಲೆ ಎಣಿಸುವಾಗ
ಹಾಸಿಗೆ ಹಿಡಿದವರನ್ನು ಬಿಡುವುದುಂಟೆ?

ಕೊನೆಯ ತರಗತಿ. ಬೋರ್ಡಿನ ಮೇಲೆ ರಿಕರ್ಷನ್,
ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್.
ಮೂರು ವಾರದಿಂದ ಹೇಳುತ್ತಿದ್ದೇನೆ. ತಲೆಯಾಡಿಸುತ್ತಾರೆ,
ಟ್ರೋಟ್ರೋ ವ್ಯಾನಿನಲ್ಲಿ ತೂಕಡಿಸುವವರ ಹಾಗೆ.

ಎರಡು ಹತ್ತಕ್ಕೆ ಕರೆಂಟು ಹೋಯಿತು.
ಇಲ್ಲಿ ಅದಕ್ಕೊಂದು ಹೆಸರಿದೆ, ಡುಮ್‌ಸೋರ್:
ಆರಿಸು, ಹೊತ್ತಿಸು.
ಹೆಸರಿನಲ್ಲಾದರೂ ಹೊತ್ತಿಸು ಇದೆಯಲ್ಲ ಎನ್ನುತ್ತಾನೆ ಡೆರಿ.
ಯುಪಿಎಸ್‌ಗಳು ಕೋಳಿಮರಿಗಳಂತೆ ಕೀಂಗುಟ್ಟಿ
ಒಂದೊಂದಾಗಿ ಸುಮ್ಮನಾದವು.
ಫ್ಯಾನು ನಿಂತ ಮೇಲೆ ಕಂಡಿತು
ರೆಕ್ಕೆಯಂಚಿನಲ್ಲಿ ಇಡೀ ಸೆಮಿಸ್ಟರಿನ ಧೂಳು.

ಜನರೇಟರಿಗೆ ಡೀಸೆಲ್ ಬೇಕು, ಡೀಸೆಲಿಗೆ ಚೀಟಿ,
ಚೀಟಿಗೆ ಸಹಿ, ಸಹಿ ಮಾಡುವವರು ಅಕ್ರಾದಲ್ಲಿ.
ನೋಡಿ, ಇದೇ ರಿಕರ್ಷನ್ ಎಂದೆ, ಸಿಟ್ಟಿಗೆ.
ಯಾರೋ ನಕ್ಕರು. ಅಲ್ಲಿಂದ ಶುರು.

ಏಳಿ. ಸಾಲಿಗೊಬ್ಬರು, ಆರು ಸಾಲು.
ಮುಂದಿನ ಬೆಂಚಿನ ವುಂಪಿನಿ, ನೀನು ಆರು.
ಆರರ ಫ್ಯಾಕ್ಟೋರಿಯಲ್ ಎಷ್ಟು?
ಗೊತ್ತಿಲ್ಲ ಮೇಡಂ.
ಗೊತ್ತಿಲ್ಲದಿದ್ದರೆ ಹಿಂದಿನ ಬೆಂಚಿಗೆ ಕೇಳು,
ಉತ್ತರ ಬರುವ ತನಕ ಕೂರಬೇಡ.

ಅವಳು ಐದನ್ನು ಕೇಳಿದಳು, ಐದು ನಾಲ್ಕನ್ನು,
ನಾಲ್ಕು ಮೂರನ್ನು. ಮೂರು ಎಂದರೆ ನಪಾರಿ.
ಅವನಿಗೆ ಅದೇ ಹೊತ್ತಿಗೆ ಅತ್ತಿಗೆಯ ಫೋನು,
ಶಿಯಾ ಬೆಣ್ಣೆಯ ಡಬ್ಬಿ ಯಾವ ಲಾರಿಗೆ ಹಾಕಿದೆ ಎಂದು.
ಅವನ ಮಾತು ಮುಗಿಯುವ ತನಕ
ಮೂವರು ನಿಂತೇ ಇದ್ದರು, ಒಬ್ಬರ ಹಿಂದೆ ಒಬ್ಬರು, ಬೆವರುತ್ತ.
ಸ್ಟ್ಯಾಕ್ ಅಂದರೆ ಇದು ಎಂದು ನಾನು ಹೇಳಲಿಲ್ಲ.
ಡೆರಿಯ ಮುಖದಲ್ಲಿ ಅದು ಮೂಡುತ್ತಿತ್ತು,
ಬಾಯಿ ತುಸು ತೆರೆದಿತ್ತು.

ಮೂರು ಎರಡನ್ನು ಕೇಳಿ, ಎರಡು ಕೊನೆಯ ಬೆಂಚಿಗೆ ತಿರುಗಿ.
ಸುಹುಯಿನಿ.
ಹದಿಮೂರು ವಾರ, ಹಾಜರಿಗೆ ಬೆರಳೆತ್ತಿದ್ದು ಬಿಟ್ಟರೆ
ದನಿ ಕೇಳಿಸದ ಹುಡುಗಿ.
ಹಿಂದೆ ತಿರುಗಿ ನೋಡಿದಳು. ಗೋಡೆ.
ಕೇಳಲು ಇನ್ಯಾರೂ ಇಲ್ಲ.
ಕಾದೆವು. ಕಿಟಕಿಯಾಚೆ ಮೇಕೆಯೊಂದು ಕೆಮ್ಮಿತು.

ಯಿನಿ, ಎಂದಳು.
ಪರೀಕ್ಷೆಯ ಇಂಗ್ಲಿಷಿನಲ್ಲಲ್ಲ, ಒಲೆಯ ಮುಂದಿನ ದಗ್ಬಾನಿಯಲ್ಲಿ.
ಒಂದು.
ಅವಳ ಹೆಸರಿನ ಬಾಲದಲ್ಲೇ ಕೂತಿದ್ದ ಒಂದು.

ಅದು ಅಲ್ಲಿಂದ ಹೊರಟಿತು, ಎರಡಾಗಿ, ಆರಾಗಿ,
ಇಪ್ಪತ್ತನಾಲ್ಕರ ಹತ್ತಿರ ಕೊಂಚ ಎಡವಿ,
ಡೆರಿಯ ಬೆರಳುಗಳ ಮೇಲೆ ನೂರಿಪ್ಪತ್ತಾಗಿ,
ವುಂಪಿನಿ ಏಳುನೂರಿಪ್ಪತ್ತು ಎಂದು ಕೂಗಿದ ಕೂಗಿಗೆ
ಪಕ್ಕದ ಕೋಣೆಯ ಅಕೌಂಟ್ಸ್ ಮೇಷ್ಟರು ಬಂದು ಇಣುಕಿ ಹೋದರು.

ಈಗ ಎಲ್ಲರೂ ಹೋಗಿದ್ದಾರೆ. ಒದ್ದೆ ಬಟ್ಟೆ ಹಿಡಿದು
ಪರದೆ ಒರೆಸುತ್ತೇನೆ, ಒರೆಸಿದ ಹಿಂದೆಯೇ ಧೂಳು.
ಬಿಟ್ಟುಹೋದದ್ದು: ಮೂರು ಪೆನ್‌ಡ್ರೈವ್, ಒಂದು ಜಪಮಣಿ ಸರ,
ಅರ್ಧ ತಿಂದ ಕುಲಿಕುಲಿ ಪೊಟ್ಟಣ.
ಮೌಸು ಎಣಿಸಿದೆ. ಇಪ್ಪತ್ತೇಳು.
ಸೆಮಿಸ್ಟರಿನ ಶುರುವಿಗೆ ಇಪ್ಪತ್ತೈದಿತ್ತು.
ಇಲಿಗಳ ಜಾತಿಯೇ ಹಾಗೆ.

ಬೀಗ ಹಾಕಿ, ಕಾವಲಿನ ಬಾಬಾ ಇಸಾ ಚಾಚಿದ ಪುಸ್ತಕದಲ್ಲಿ
ಸಹಿ ಮಾಡುವಾಗ ಬಂತು ಕರೆಂಟು.
ಒಳಗೆ ಇಪ್ಪತ್ತೈದು ಯಂತ್ರಗಳು ಒಟ್ಟಿಗೆ ಎಚ್ಚೆತ್ತು
ಹೆಸರೇನು, ಗುಟ್ಟಿನ ಮಾತೇನು ಎಂದು
ಖಾಲಿ ಕುರ್ಚಿಗಳನ್ನು ಕೇಳತೊಡಗಿದವು.

ಆರಿಸಿ ಬರುತ್ತೀರಾ ಮೇಡಂ, ಅಂದ ಬಾಬಾ.
ಇರಲಿ ಬಿಡು ಎಂದೆ.
ಅದೇ ಹೋಗುತ್ತದೆ.